ನೋಡುವವರಿಗೆ ಚರ್ಮ, ಬದುಕುವವರಿಗೆ ಕಣ್ಣು

1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಬಾಣಂತಿಯರಿಗೆ ಒಂದು ಪ್ರಶ್ನೆ ಎದುರಾಗುತ್ತಿತ್ತು: ಗಂಡ ಮದುವೆಗೆ ಮುಂಚಿನಿಂದಲೂ ನಿಮಗೆ ಸಂಬಂಧವೇ? ಹೌದಾದರೆ ಏನಾಗಬೇಕು? ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎಚ್.ಎಸ್. ಸಾವಿತ್ರಿ, ಅವರೊಂದಿಗೆ ಎ. ರಾಧಾರಮಾದೇವಿ, ಲಂಡನ್ನಿನಿಂದ ಬಂದಿದ್ದ ಅಲನ್ ಬಿಟಲ್ಸ್ ಮುಂತಾದ ವಿಜ್ಞಾನಿಗಳು ಹಸುಗೂಸುಗಳಲ್ಲಿ ಹುಟ್ಟಿನಿಂದ ಬರುವ ದೋಷಗಳನ್ನು ಹುಡುಕುತ್ತ ಈ ಪ್ರಶ್ನೆಯ ಉತ್ತರವನ್ನೂ ಬರೆದಿಟ್ಟರು. ಆ ದಶಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರ ಸಿಕ್ಕಿತು. ನೂರರಲ್ಲಿ ಸುಮಾರು 31 ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಹಿಂದೂ ಕುಟುಂಬಗಳಲ್ಲಂತೂ ಸುಮಾರು ಐದರಲ್ಲೊಂದು ಮದುವೆ ಸೋದರಮಾವನಿಗೂ ಅಕ್ಕನ ಮಗಳಿಗೂ ನಡೆದದ್ದು.

ಆಲ್ಬಿನಿಸಂ ಬಗ್ಗೆ ಬೆಂಗಳೂರಿನಲ್ಲಿ ನಿಂತು ಮಾತಾಡುವವರು ಈ ಅಂಕಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಚರ್ಮ, ಕೂದಲು, ಕಣ್ಣುಗಳಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ದೇಹ ತಯಾರಿಸದಿರುವುದು, ಅಥವಾ ತೀರ ಕಡಿಮೆ ತಯಾರಿಸುವುದು ಆಲ್ಬಿನಿಸಂ. ಇದು ಅಂಟುವ ಕಾಯಿಲೆಯಲ್ಲ, ಬಂದು ಹೋಗುವ ರೋಗವೂ ಅಲ್ಲ. ಲೋಕದ ಸರಾಸರಿ ಹಿಡಿದರೆ ಸುಮಾರು 17,000 ಜನರಿಗೆ ಒಬ್ಬರು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಆ ಲೆಕ್ಕಕ್ಕೆ ರಾಜ್ಯದಲ್ಲಿ ಸುಮಾರು 3,600 ಜನ ಆಗಬೇಕು. ಆದರೆ ಸರಾಸರಿ ಎಲ್ಲ ಕಡೆ ಒಂದೇ ಸಮನಾಗಿ ಹರಡಿಕೊಂಡಿರುವುದಿಲ್ಲ. ಟಾಂಜಾನಿಯಾದಲ್ಲಿ ಸುಮಾರು 1,400ಕ್ಕೊಬ್ಬರು ಇದ್ದಾರೆ. ಪನಾಮಾದ ದ್ವೀಪಗಳಲ್ಲಿ ತಮ್ಮತಮ್ಮೊಳಗೇ ಮದುವೆಯಾಗುತ್ತ ಬಂದ ಗುನಾ ಬುಡಕಟ್ಟಿನಲ್ಲಿ ನೂರೈವತ್ತಕ್ಕೊಬ್ಬರಷ್ಟು. ಎಲ್ಲಿ ಮದುವೆಯ ವೃತ್ತ ಕಿರಿದೋ ಅಲ್ಲಿ ಈ ಸಂಖ್ಯೆ ಏರುತ್ತದೆ.

ಬೆಂಗಳೂರಿನ ಲಿಂಗರಾಜಪುರದಲ್ಲಿ ಒಂದು ಮಗು ಹೀಗೆ ಹುಟ್ಟಿತು ಎಂದುಕೊಳ್ಳಿ. ಕನ್ನಡ, ತಮಿಳು, ಉರ್ದು, ತೆಲುಗು, ಮಲಯಾಳ ಒಂದೇ ಬೀದಿಯಲ್ಲಿ ಕೇಳಿಬರುವ ಬಡಾವಣೆ ಅದು. ಕಪ್ಪು ಕೂದಲಿನ ಅಪ್ಪ-ಅಮ್ಮನಿಗೆ ಬೆಳ್ಳಿಗೂದಲಿನ, ತೆಳುರೆಪ್ಪೆಯ ಕೂಸು. ಬಸುರಿಯಾಗಿದ್ದಾಗ ಕೇಸರಿ ಹಾಲು ಜಾಸ್ತಿ ಕುಡಿದಳೆಂದು ಒಬ್ಬರು, ಗ್ರಹಣದ ದಿನ ಹೊರಗೆ ಬಂದಿದ್ದಳೆಂದು ಇನ್ನೊಬ್ಬರು ಹೇಳುತ್ತಾರೆ. ದಂಡು ಪ್ರದೇಶದ ಹಳೆಯ ನೆನಪಿನಿಂದ ‘ದೊರೆ ಮಗು ಥರ ಇದೆಯಲ್ಲ’ ಎಂಬ ಮಾತೂ ಬರುತ್ತದೆ. ಆ ಮಾತು ನಗುನಗುತ್ತಲೇ ತಾಯಿಯ ನಡತೆಯನ್ನು ಪ್ರಶ್ನಿಸುತ್ತದೆ. ಯಾವ ದಾರಿಯಲ್ಲಿ ಹೋದರೂ ಹೊಣೆ ಹೆತ್ತವಳ ತಲೆಗೇ ಬರುತ್ತದೆ. ಆದರೆ ಸಾಮಾನ್ಯ ಬಗೆಯ ಆಲ್ಬಿನಿಸಂನಲ್ಲಿ ತಾಯಿಯ ಪಾಲು ಎಷ್ಟೋ ತಂದೆಯದೂ ಅಷ್ಟೇ. ತಂದೆ ಕೊಡದೆ ಅದು ಮಗುವಿಗೆ ಬರಲಾರದು. ಈ ಒಂದು ಸಂಗತಿ ಹೆರಿಗೆ ವಾರ್ಡಿನಲ್ಲೇ, ಗಂಡನ ಮನೆಯವರೆಲ್ಲರ ಎದುರಿಗೇ, ವೈದ್ಯರ ಬಾಯಿಂದ ಬರಬೇಕು.

ಇದು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. 1908ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್, ಹುಟ್ಟಿನಿಂದಲೇ ಬರುವ ರಾಸಾಯನಿಕ ದೋಷಗಳ ಬಗ್ಗೆ ಕೊಟ್ಟ ಪ್ರಸಿದ್ಧ ಉಪನ್ಯಾಸಗಳಲ್ಲಿ ನಾಲ್ಕು ಉದಾಹರಣೆ ತೆಗೆದುಕೊಂಡಿದ್ದ. ಅದರಲ್ಲಿ ಒಂದು ಆಲ್ಬಿನಿಸಂ. ದೇಹದೊಳಗಿನ ಕೆಲಸವೊಂದು ನಡುವೆ ನಿಂತುಹೋಗಿದೆ, ಅದನ್ನು ನಡೆಸಬೇಕಾದ ಕಿಣ್ವ ಇಲ್ಲ ಎಂಬುದು ಅವನ ಊಹೆ. ಊಹೆ ನಿಜವಾಯಿತು. ಆಹಾರದಿಂದ ಸಿಗುವ ಟೈರೊಸಿನ್ ಎಂಬ ಅಮೈನೋ ಆಮ್ಲವನ್ನು ಮೆಲನಿನ್ ಆಗಿಸುವ ಮೊದಲ ಹೆಜ್ಜೆಗಳನ್ನು ಟೈರೊಸಿನೇಸ್ ಎಂಬ ಕಿಣ್ವ ನಡೆಸುತ್ತದೆ. ಹನ್ನೊಂದನೆಯ ವರ್ಣತಂತುವಿನಲ್ಲಿರುವ ಅದರ ಜೀನ್ ಕೆಟ್ಟರೆ ಮೊದಲ ಬಗೆಯ ಆಲ್ಬಿನಿಸಂ. ಬಣ್ಣ ತಯಾರಿಸುವ ಜೀವಕೋಶಗಳು ಚರ್ಮದಲ್ಲಿ ಇದ್ದೇ ಇರುತ್ತವೆ, ಅವುಗಳ ಕೈಯಲ್ಲಿ ಕೆಲಸ ಸಾಗುವುದಿಲ್ಲ. ತೊನ್ನಿನಲ್ಲಿ ಆಗುವುದು ಬೇರೆ. ಅಲ್ಲಿ ಆ ಕೋಶಗಳೇ ನಾಶವಾಗುತ್ತವೆ, ಅದೂ ಹುಟ್ಟಿದ ಎಷ್ಟೋ ವರ್ಷಗಳ ಮೇಲೆ, ಮಚ್ಚೆ ಮಚ್ಚೆಯಾಗಿ. ಎರಡನ್ನೂ ಒಂದೇ ಎಂದುಕೊಂಡು ಆಲ್ಬಿನಿಸಂ ಇರುವ ಮಕ್ಕಳಿಗೆ ವರ್ಷಗಟ್ಟಲೆ ತೊನ್ನಿನ ಮುಲಾಮು ಹಚ್ಚಿದರೆ ಹಣವೂ ಹೋಗುತ್ತದೆ, ಮಗುವಿನ ಕಣ್ಣಿಗೆ ಸಿಗಬೇಕಾದ ಗಮನವೂ ತಪ್ಪುತ್ತದೆ.

ಚರ್ಮ, ಕಣ್ಣು ಎರಡನ್ನೂ ಮುಟ್ಟುವ ಆಲ್ಬಿನಿಸಂನಲ್ಲಿ ಈವರೆಗೆ ಎಂಟು ಬಗೆ ಗುರುತಾಗಿವೆ. ಎಲ್ಲವೂ ಅಪ್ರಭಾವಿ ರೀತಿಯಲ್ಲಿ ವಂಶದಲ್ಲಿ ಸಾಗುತ್ತವೆ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಸರಿಯಿದ್ದರೂ ಮೆಲನಿನ್ ಸಾಕಷ್ಟು ತಯಾರಾಗುತ್ತದೆ, ಅಂಥವರು ವಾಹಕರು. ನೋಡಿ ಗುರುತಿಸುವಂತಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಇಬ್ಬರು ವಾಹಕರು ಮದುವೆಯಾದಾಗ ಪ್ರತಿ ಗರ್ಭದಲ್ಲೂ ಮಗುವಿಗೆ ಆಲ್ಬಿನಿಸಂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೆಯದಕ್ಕೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ’ ಎಂದು ಸಮಾಧಾನ ಹೇಳುವವರಿದ್ದಾರೆ. ಅದು ತಪ್ಪು. ಎರಡನೆಯ ಬಸುರಿಗೂ ನಾಲ್ಕರಲ್ಲಿ ಒಂದೇ, ಐದನೆಯದಕ್ಕೂ ಅಷ್ಟೇ.

ಸೋದರಿಕೆಯ ಮದುವೆ ಇಲ್ಲಿ ಏನು ಮಾಡುತ್ತದೆ? ಲೆಕ್ಕ ಹಾಕಿ ನೋಡಬಹುದು. 17,000ಕ್ಕೊಬ್ಬರು ಎಂಬ ಸರಾಸರಿಯಲ್ಲಿ ಸುಮಾರು 70 ಜನರಲ್ಲಿ ಒಬ್ಬರು ವಾಹಕರಾಗಿರುತ್ತಾರೆ. ವಾಹಕನೊಬ್ಬ ಯಾವ ಸಂಬಂಧವೂ ಇಲ್ಲದ ಹುಡುಗಿಯನ್ನು ಮದುವೆಯಾದರೆ ಅವಳೂ ವಾಹಕಿಯಾಗಿರುವ ಸಾಧ್ಯತೆ 70ರಲ್ಲಿ 1, ಮಗುವಿಗೆ ಬರುವ ಸಾಧ್ಯತೆ 280ರಲ್ಲಿ 1. ಅವನೇ ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾದರೆ, ಅದೇ ಅಜ್ಜ-ಅಜ್ಜಿಯಿಂದ ಅದೇ ಜೀನು ಅವಳಿಗೂ ಬಂದಿರುವ ಸಾಧ್ಯತೆ ಎಂಟರಲ್ಲಿ 1. ಮಗುವಿಗೆ 32ರಲ್ಲಿ 1. ಅಕ್ಕನ ಮಗಳಾದರೆ ನಾಲ್ಕರಲ್ಲಿ 1, ಮಗುವಿಗೆ 16ರಲ್ಲಿ 1. ಇನ್ನು ಹುಡುಗನಿಗೇ ಆಲ್ಬಿನಿಸಂ ಇದ್ದು, ‘ಹೊರಗಿನವರು ಹೆಣ್ಣು ಕೊಡುವುದಿಲ್ಲ, ಮನೆಯ ಹುಡುಗಿಯೇ ಇರಲಿ’ ಎಂದು ಅಕ್ಕನ ಮಗಳನ್ನು ಕೊಟ್ಟರೆ, ಅಕ್ಕನಿಗೆ ಆಲ್ಬಿನಿಸಂ ಇಲ್ಲದಿದ್ದರೂ ಅವರ ಮಗುವಿಗೆ ಬರುವ ಸಾಧ್ಯತೆ ಆರರಲ್ಲಿ 1. ಅದೇ ಹುಡುಗನಿಗೆ ಹೊರಗಿನ ಸಂಬಂಧ ಕೂಡಿಬಂದರೆ 140ರಲ್ಲಿ 1. ಕರುಣೆಯಿಂದ ಮನೆಯೊಳಗೇ ಕೂಡಿಸಿದ ಮದುವೆ ಹೀಗೆ ಅದೇ ಕಷ್ಟವನ್ನು ಮುಂದಿನ ತಲೆಮಾರಿಗೆ ದಾಟಿಸುವ ದಾರಿಯಾಗಬಹುದು.

ಈ ಲೆಕ್ಕದಲ್ಲಿ ಸಮಾಧಾನದ ಭಾಗವೂ ಇದೆ, ಅದನ್ನು ಹೇಳುವವರು ಕಡಿಮೆ. ಆಲ್ಬಿನಿಸಂ ಇರುವ ಹುಡುಗನ ತಂಗಿಗೆ ಗಂಡು ನೋಡುವಾಗ ಬೀಗರಾಗಬೇಕಾದವರು ಅರ್ಧಕ್ಕೇ ಎದ್ದು ಹೋಗುವುದುಂಟು. ಆ ತಂಗಿ ವಾಹಕಿಯಾಗಿರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ನಿಜ. ಆದರೂ ಸಂಬಂಧವಿಲ್ಲದ ಹುಡುಗನನ್ನು ಮದುವೆಯಾದರೆ ಅವಳ ಮಗುವಿಗೆ ಆಲ್ಬಿನಿಸಂ ಬರುವ ಸಾಧ್ಯತೆ 420ರಲ್ಲಿ 1 ಮಾತ್ರ. ನಾಲ್ಕು ನೂರರಲ್ಲಿ ಒಂದರ ಅಂಜಿಕೆಗೆ ಒಂದು ಹುಡುಗಿಯ ಬದುಕನ್ನು ನಿಲ್ಲಿಸುವುದು ಅನ್ಯಾಯ. ರಕ್ತಸಂಬಂಧದ ಮದುವೆ ತಾನಾಗಿ ಆಲ್ಬಿನಿಸಂ ಹುಟ್ಟಿಸುವುದೂ ಇಲ್ಲ. ಮನೆತನದಲ್ಲಿ ಆ ಜೀನೇ ಇಲ್ಲದಿದ್ದರೆ ಎಷ್ಟು ತಲೆಮಾರು ಒಳಗೊಳಗೇ ಕೊಟ್ಟು ತಂದರೂ ಅದು ಬಾರದು. ಹಿಂದೂ ವಿವಾಹ ಕಾಯಿದೆ 1955ರಲ್ಲಿ ಬಂತು. ಸೋದರಮಾವ-ಸೊಸೆಯ ಮದುವೆಯನ್ನು ಅದು ನಿಷೇಧಿಸಿದರೂ ರೂಢಿಯಿದ್ದಲ್ಲಿ ಬಿಟ್ಟುಕೊಟ್ಟಿದೆ. ರೂಢಿ ಇಳಿಯುತ್ತ ಬಂದಿದೆಯೇ ಹೊರತು ಮರೆಯಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು ಮದುವೆಗಳು ಸಂಬಂಧದೊಳಗಿನವೇ.

ಸಂಬಂಧ ಬಿಟ್ಟು ಹೊರಗೆ ಹೋದರೂ ಜಾತಿಯ ಒಳಗೇ ಉಳಿಯುವುದರಿಂದ ಇನ್ನೊಂದು ಸುತ್ತು ಬಾಕಿಯಿರುತ್ತದೆ. ಪಶ್ಚಿಮ ಬಂಗಾಳದ ಬಾಂಕುರಾ ಕಡೆಯ ತಿಲಿ ಸಮುದಾಯದಲ್ಲಿ ಆಲ್ಬಿನಿಸಂ ಹೆಚ್ಚಿರುವುದನ್ನು ಕೋಲ್ಕತ್ತದ ವಿಜ್ಞಾನಿ ಕುನಾಲ್ ರೇ ಅವರ ತಂಡ ಅಭ್ಯಾಸ ಮಾಡಿತು. 2005ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಅಲ್ಲಿನ ಕುಟುಂಬಗಳಲ್ಲಿ ಟೈರೊಸಿನೇಸ್ ಜೀನಿನ ಒಂದೇ ಒಂದು ಬದಲಾವಣೆ ಮತ್ತೆ ಮತ್ತೆ ಸಿಕ್ಕಿತು. ಹಿಂದೆಂದೋ ಬದುಕಿದ್ದ ಒಬ್ಬ ಪೂರ್ವಜನಿಂದ ಅದು ಇಡೀ ಸಮುದಾಯಕ್ಕೆ ಹಂಚಿಹೋಗಿತ್ತು. ದಕ್ಷಿಣದವರಿಗೆ ಹತ್ತಿರದ ಉದಾಹರಣೆ ವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧದ ಪರಿಣಾಮ ಅವರಲ್ಲಿ ಕೆಲವರಿಗೆ ಬೇಗ ಇಳಿಯುವುದಿಲ್ಲ, ಕಾರಣ ಇಂಥದೇ ಹಂಚಿಕೊಂಡ ಜೀನು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್ ಮತ್ತು ಸಹೋದ್ಯೋಗಿಗಳು 2017ರಲ್ಲಿ ದಕ್ಷಿಣ ಏಷ್ಯಾದ ಎಷ್ಟೋ ಸಮುದಾಯಗಳಲ್ಲಿ ಹೀಗೆ ಕೆಲವೇ ಪೂರ್ವಜರಿಂದ ಹಂಚಿಹೋದ ಜೀನುಗಳ ಗುರುತು ಬಲವಾಗಿರುವುದನ್ನು ತೋರಿಸಿದರು. ಜಾತಕ ಕೂಡಿಸುವಾಗ ಗೋತ್ರ ಬೇರೆಯೆಂದು ನೋಡಿದರೆ ಸಾಲದು ಎಂಬುದಕ್ಕೆ ಇವು ಸಾಕ್ಷಿ.

ಒಳಗೊಳಗೇ ಕೂಡಿಸುವುದರ ಇನ್ನೊಂದು ಉದಾಹರಣೆ ಮೃಗಾಲಯದಲ್ಲಿದೆ. ಬನ್ನೇರುಘಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಬಿಳಿ ಹುಲಿಯನ್ನು ನೋಡದೆ ಬರುವುದಿಲ್ಲ. ಪಟ್ಟೆಗಳಿಗೆ ಕಪ್ಪು ಬಣ್ಣ ಉಳಿದಿರುವುದರಿಂದ ಅದು ಪೂರ್ತಿ ಆಲ್ಬಿನೋ ಅಲ್ಲ. ಆದರೆ 2013ರಲ್ಲಿ ಪತ್ತೆಯಾದಂತೆ ಅದರ ಬಿಳುಪಿಗೆ ಕಾರಣವಾದ ಜೀನು, ಮನುಷ್ಯರಲ್ಲಿ ನಾಲ್ಕನೆಯ ಬಗೆಯ ಆಲ್ಬಿನಿಸಂ ತರುವ ಜೀನೇ. 1951ರಲ್ಲಿ ರೀವಾದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಮರಿಯನ್ನು ಬೆಳೆಸಿ, ಮುಂದೆ ಅವನ ಮಗಳೊಂದಿಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆದರು. ಮೃಗಾಲಯಗಳ ಬಿಳಿ ಹುಲಿಗಳ ವಂಶ ಅಲ್ಲಿಂದ ಬೆಳೆಯಿತು. ಅವುಗಳಲ್ಲಿ ಮೆಳ್ಳೆಗಣ್ಣು ಸಾಮಾನ್ಯ. ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳು ದಾರಿ ತಪ್ಪಿರುವುದನ್ನು 1970ರ ದಶಕದಲ್ಲೇ ವಿಜ್ಞಾನಿಗಳು ಅವುಗಳಲ್ಲಿ ಕಂಡಿದ್ದರು. ಮನುಷ್ಯರ ಆಲ್ಬಿನಿಸಂನ ನಿಜವಾದ ಕಥೆಯೂ ಆ ನರಗಳಲ್ಲೇ ಇದೆ.

ಮೆಲನಿನ್ ಬರೀ ಬಣ್ಣವಲ್ಲ. ಗರ್ಭದಲ್ಲಿ ಕಣ್ಣು ರೂಪುಗೊಳ್ಳುವಾಗ ಅದರ ಬೆಳವಣಿಗೆಗೆ ಮೆಲನಿನ್ ತಯಾರಿಕೆಯ ಕೆಲಸ ಬೇಕು. ಅದು ನಡೆಯದಿದ್ದರೆ ರೆಟಿನಾದ ನಡುವೆ ಇರಬೇಕಾದ ಫೋವಿಯಾ ಎಂಬ ಪುಟ್ಟ ಗುಳಿ ಪೂರ್ತಿ ಬೆಳೆಯುವುದಿಲ್ಲ. ಸಣ್ಣ ಅಕ್ಷರ ಓದುವುದು, ದೂರದ ಮುಖ ಗುರುತಿಸುವುದು ಎಲ್ಲ ಆ ಗುಳಿಯ ಕೆಲಸ. ಜೊತೆಗೆ, ಸಾಮಾನ್ಯವಾಗಿ ಪ್ರತಿ ಕಣ್ಣಿನ ಅರ್ಧದಷ್ಟು ನರತಂತುಗಳು ಅದೇ ಬದಿಯ ಮಿದುಳಿಗೂ ಅರ್ಧದಷ್ಟು ಎದುರು ಬದಿಗೂ ಹೋಗುತ್ತವೆ. ಆಲ್ಬಿನಿಸಂನಲ್ಲಿ ಬಹುಪಾಲು ಎದುರು ಬದಿಗೇ ದಾಟಿಬಿಡುತ್ತವೆ. ಎರಡೂ ಕಣ್ಣಿನ ನೋಟ ಕೂಡಿ ಆಳವನ್ನು ಅಂದಾಜು ಮಾಡುವ ಶಕ್ತಿ ಇದರಿಂದ ಕುಂದುತ್ತದೆ. ಮಗುವಿಗೆ ಎರಡು ಮೂರು ತಿಂಗಳಾಗುವ ಹೊತ್ತಿಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಲಾಡತೊಡಗುತ್ತವೆ. ಐರಿಸ್ಸಿನಲ್ಲಿ ಬಣ್ಣವಿಲ್ಲದ್ದರಿಂದ ಬೆಳಕು ತಡೆಯಿಲ್ಲದೆ ಒಳನುಗ್ಗುತ್ತದೆ. ಎಲ್ಲರಿಗೂ ಕೆಂಪು ಕಣ್ಣು ಇರುತ್ತದೆಂಬುದು ಸಿನಿಮಾದ ಕಲ್ಪನೆ. ಹೆಚ್ಚಿನವರ ಕಣ್ಣು ನೀಲಿ, ಬೂದು ಅಥವಾ ತಿಳಿಗಂದು. ಕೂದಲು ಕೂಡ ಎಲ್ಲರದೂ ಬಿಳಿಯಲ್ಲ. ಎರಡನೆಯ ಬಗೆಯಲ್ಲಿ ಅದು ಹೊಂಬಣ್ಣ, ತಿಳಿಗಂದು ಆಗಿರುವುದುಂಟು.

ಕನ್ನಡಕ ಹಾಕಿದರೆ ಸರಿಹೋಗುತ್ತದೆಂದು ಹೆತ್ತವರು ಕಮರ್ಷಿಯಲ್ ಸ್ಟ್ರೀಟಿನಿಂದ ಕಮ್ಮನಹಳ್ಳಿಯವರೆಗೆ ಅಂಗಡಿ ಅಂಗಡಿ ಅಲೆಯುವುದು ಸಹಜ. ಕನ್ನಡಕ ಬೇಕೇ ಬೇಕು, ಏಕೆಂದರೆ ದೂರದೃಷ್ಟಿ, ಸಮೀಪದೃಷ್ಟಿಯ ದೋಷಗಳೂ ಇವರಲ್ಲಿ ಹೆಚ್ಚು. ಆದರೆ ನಂಬರ್ ಎಷ್ಟು ಬದಲಿಸಿದರೂ ಬೆಳೆಯದ ಫೋವಿಯಾ ಬೆಳೆಯುವುದಿಲ್ಲ. ನೋಟದ ತೀಕ್ಷ್ಣತೆ ಕೆಲವರಲ್ಲಿ 6/18ರ ಹತ್ತಿರ, ಕೆಲವರಲ್ಲಿ 6/60, ಇನ್ನೂ ಕೆಳಗೂ ಇರುತ್ತದೆ. ಸಮಾಧಾನದ ಸಂಗತಿಯೆಂದರೆ ವಯಸ್ಸಾದಂತೆ ಇದು ಇಳಿಯುತ್ತ ಹೋಗುವ ದೋಷವಲ್ಲ, ಇದರಿಂದ ಪೂರ್ತಿ ಕುರುಡಾಗುವುದೂ ಇಲ್ಲ. ಬುದ್ಧಿಗೂ ಆಯುಸ್ಸಿಗೂ ಸಂತಾನಶಕ್ತಿಗೂ ಸಾಮಾನ್ಯ ಆಲ್ಬಿನಿಸಂ ಅಡ್ಡ ಬರುವುದಿಲ್ಲ.

ಚರ್ಮ, ಕೂದಲು ಹೆಚ್ಚುಕಡಿಮೆ ಮಾಮೂಲಿನಂತಿದ್ದು ಕಣ್ಣಿನಲ್ಲಿ ಮಾತ್ರ ಆಲ್ಬಿನಿಸಂ ಇರುವ ಇನ್ನೊಂದು ಬಗೆ ಉಂಟು. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಒಂದೇ ಎಕ್ಸ್ ಇರುವುದರಿಂದ ದೋಷ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅವರಲ್ಲೇ, ತಾಯಿಯ ಕಡೆಯಿಂದ. ಸೋದರಮಾವನಿಗೂ ಕಣ್ಣು ಓಲಾಡುತ್ತಿದ್ದರೆ ಅದು ದೊಡ್ಡ ಸುಳಿವು. ಬಣ್ಣ ಮಾಮೂಲಿನಂತೆ ಇರುವುದರಿಂದ ಯಾರಿಗೂ ಆಲ್ಬಿನಿಸಂ ಎಂದು ಹೊಳೆಯುವುದಿಲ್ಲ. ಆ ಹುಡುಗ ‘ಗಮನ ಕೊಡದವನು’ ಎಂಬ ಬೈಗುಳದಲ್ಲೇ ಹೈಸ್ಕೂಲು ಮುಗಿಸುತ್ತಾನೆ.

ಈ ದೃಷ್ಟಿದೋಷದ ಪೂರ್ತಿ ತೂಕ ಬೀಳುವುದು ತರಗತಿಯಲ್ಲಿ. ಕಣ್ಣು ಓಲಾಡುವ ಮಗುವಿಗೆ ಒಂದು ನಿರ್ದಿಷ್ಟ ಕೋನದಲ್ಲಿ ತಲೆ ತಿರುಗಿಸಿದಾಗ ಓಲಾಟ ಕಡಿಮೆಯಾಗಿ ಅಕ್ಷರ ಸ್ಪಷ್ಟವಾಗುತ್ತದೆ. ಅದಕ್ಕೇ ಅದು ಓರೆಯಾಗಿ ಕೂರುತ್ತದೆ. ‘ನೆಟ್ಟಗೆ ಕೂತ್ಕೋ’ ಎಂದು ಗದರಿದ ಕ್ಷಣದಲ್ಲಿ ಟೀಚರ್ ತಿಳಿಯದೆಯೇ ಮಗುವಿಗೆ ಇದ್ದ ನೋಟವನ್ನೂ ಕಿತ್ತುಕೊಂಡಂತಾಗುತ್ತದೆ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಕಣ್ಣು ಕೆಡುವುದಿಲ್ಲ. ಹತ್ತಿರ ಹಿಡಿದಾಗ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಮುಂದಿನ ಬೆಂಚು, ಕಿಟಕಿಗೆ ಬೆನ್ನು ಮಾಡಿದ ಜಾಗ, ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವ ಟೀಚರ್, ದಪ್ಪ ಗೆರೆಯ ನೋಟುಪುಸ್ತಕ, ಒಂದು ಭೂತಗನ್ನಡಿ, ಟೋಪಿ ತೆಗೆಯೆಂದು ಹೇಳದ ಹೆಡ್‌ಮಾಸ್ಟರ್: ಇಷ್ಟರಲ್ಲಿ ಹೆಚ್ಚಿನ ಮಕ್ಕಳ ಓದು ಸಾಗುತ್ತದೆ. ಬೋರ್ಡಿನ ಫೋಟೊ ತೆಗೆದು ಹಿಗ್ಗಿಸಿ ನೋಡಲು ಒಂದು ಮೊಬೈಲು ಕೊಟ್ಟರೆ ಇನ್ನೂ ಚೆನ್ನ. ಶಾಲೆಗೆ ಮೊಬೈಲು ತರಬಾರದೆಂಬ ನಿಯಮ ಈ ಮಗುವಿಗೆ ಸಡಿಲವಾಗಬೇಕು.

ಲಿಂಗರಾಜಪುರದ ಹೆಸರು ಇಲ್ಲಿ ಮತ್ತೆ ಬರುವುದಕ್ಕೆ ಕಾರಣವಿದೆ. ಹೆಣ್ಣೂರು ರಸ್ತೆಯಿಂದ ಒಳಗೆ, ಹಚಿನ್ಸ್ ರಸ್ತೆಯಲ್ಲಿ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಇದೆ. ಸ್ವತಃ ಅಂಗವೈಕಲ್ಯದೊಂದಿಗೆ ಬದುಕಿದ ಎನ್.ಎಸ್. ಹೇಮಾ 1959ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಅಲ್ಲಿನ ಶ್ರದ್ಧಾಂಜಲಿ ಸಮನ್ವಯ ಶಾಲೆಯಲ್ಲಿ ಅಂಗವೈಕಲ್ಯ ಇರುವ ಮಕ್ಕಳೂ ಇಲ್ಲದ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಕಲಿಯುತ್ತಾರೆ. ಆಲ್ಬಿನಿಸಂ ಇರುವ ಮಗುವಿಗೆ ಬೇಕಾದದ್ದು ಬಹುಮಟ್ಟಿಗೆ ಇಂಥ ವ್ಯವಸ್ಥೆ. ವೈಟ್‌ಫೀಲ್ಡಿನ ಡಿವೈನ್ ಲೈಟ್, ಜೀವನ್‌ಬಿಮಾ ನಗರದ ರಾಷ್ಟ್ರೀಯ ಅಂಧರ ಸಂಘದ ಶಾಖೆಯಂಥವು ಪೂರ್ವ ಬೆಂಗಳೂರಿನಲ್ಲಿ ದೃಷ್ಟಿದೋಷವಿರುವವರಿಗೆ ಬಹುಕಾಲದ ಆಸರೆ. ತೀರ ಕಡಿಮೆ ಕಾಣುವವರಿಗೆ, ಕಂಪ್ಯೂಟರಿನ ಪರದೆ ಓದುವ ತಂತ್ರಾಂಶ ಕಲಿಯಬೇಕಾದವರಿಗೆ ಅವು ಬೇಕು. ಉಳಿದ ಹೆಚ್ಚಿನ ಮಕ್ಕಳನ್ನು ಅಂಧರ ಶಾಲೆಗೆ ಕಳಿಸಿ ಬ್ರೈಲ್ ಮಾತ್ರ ಕಲಿಸುವುದು, ಇರುವ ನೋಟವನ್ನು ಬಳಸದೆ ಬಿಟ್ಟಂತೆ. ಮನೆ ಹತ್ತಿರದ ಸಾಮಾನ್ಯ ಶಾಲೆಯೇ ಅವರ ಶಾಲೆ ಆಗಬೇಕು.

ಚರ್ಮದ ವಿಷಯಕ್ಕೆ ಬಂದರೆ ಬೆಂಗಳೂರಿನ ತಂಪು ಹವೆ ಮೋಸ ಮಾಡುತ್ತದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಎತ್ತರ ಏರಿದಷ್ಟೂ ಅತಿನೇರಳೆ ಕಿರಣ ಹೆಚ್ಚು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಂತು ಕಂಬದ ನೆರಳು ಬುಡಕ್ಕೇ ಬೀಳುತ್ತದೆ. ತೆಳು ಮೋಡ ಆ ಕಿರಣಗಳನ್ನು ತಡೆಯುವುದಿಲ್ಲ. ಮೆಲನಿನ್ ಇಲ್ಲದ ಚರ್ಮ ಅರ್ಧ ಗಂಟೆಯ ಬಿಸಿಲಿಗೂ ಕೆಂಪಾಗಿ ಉರಿಯಬಹುದು. ವರ್ಷಗಟ್ಟಲೆ ಹೀಗಾದರೆ ಮುಖ, ಕುತ್ತಿಗೆ, ಕಿವಿಗಳ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟಬಹುದು. ಆಫ್ರಿಕಾದಲ್ಲಿ ಆಲ್ಬಿನಿಸಂ ಇರುವವರ ಜೀವ ಎಳೆ ವಯಸ್ಸಿನಲ್ಲೇ ಹೋಗಲು ಮುಖ್ಯ ಕಾರಣಗಳಲ್ಲಿ ಇದೊಂದು. ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೊಡೆ, ತಂಪು ಕನ್ನಡಕ ಇವು ಅಗ್ಗದ ರಕ್ಷಣೆ. ಸನ್‌ಸ್ಕ್ರೀನ್ ಮಾತ್ರ ಅಗ್ಗವಲ್ಲ. ಎರಡು ಗಂಟೆಗೊಮ್ಮೆ ಹಚ್ಚಬೇಕಾದ ಕ್ರೀಮನ್ನು ತಿಂಗಳಿಡೀ ಕೊಳ್ಳುವುದು ಗಾರ್ಮೆಂಟ್ಸ್ ಕೆಲಸದ ಮನೆಗೆ ಸುಲಭವಲ್ಲ. ಟಾಂಜಾನಿಯಾದ ಮೋಶಿ ಊರಿನ ಆಸ್ಪತ್ರೆಯೊಂದರಲ್ಲಿ ಆಲ್ಬಿನಿಸಂ ಇರುವವರಿಗಾಗಿಯೇ ‘ಕಿಲಿಸನ್’ ಎಂಬ ಸನ್‌ಸ್ಕ್ರೀನ್ ತಯಾರಿಸಿ ಹಂಚುತ್ತಾರೆ. ಮೈಸೂರು ಸ್ಯಾಂಡಲ್ ಸೋಪಿನ ಸರ್ಕಾರಿ ಕಾರ್ಖಾನೆ ನೂರು ವರ್ಷದಿಂದ ನಡೆಯುತ್ತಿರುವ ರಾಜ್ಯಕ್ಕೆ ಇದು ಮೀರಿದ ಕೆಲಸವಲ್ಲ.

ಅಪರೂಪಕ್ಕೆ ಆಲ್ಬಿನಿಸಂ ಇನ್ನೊಂದು ತೊಂದರೆಯ ಗುರುತಾಗಿರುತ್ತದೆ. 1959ರಲ್ಲಿ ಜೆಕ್ ವೈದ್ಯರಾದ ಹರ್ಮಾನ್ಸ್ಕಿ ಮತ್ತು ಪುಡ್ಲಾಕ್ ಗುರುತಿಸಿದ ಬಗೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ಮುಂದೆ ಶ್ವಾಸಕೋಶವೂ ಗಟ್ಟಿಯಾಗುತ್ತದೆ. ಆಲ್ಬಿನಿಸಂ ಇರುವ ಮಗುವಿಗೆ ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತಿದ್ದರೆ, ಮೂಗಿನಿಂದ ರಕ್ತ ಬೇಗ ನಿಲ್ಲದಿದ್ದರೆ, ಹಲ್ಲು ಕೀಳಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಅಂಥವರಿಗೆ ಆಸ್ಪಿರಿನ್ ಕೊಡಬಾರದು.

ಔಷಧವಿದೆಯೇ? ಇಲ್ಲ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯಲ್ಲಿ ನಿಟಿಸಿನೋನ್ ಎಂಬ ಮಾತ್ರೆಯನ್ನು ಒಂದು ಬಗೆಯ ಆಲ್ಬಿನಿಸಂ ಇರುವ ಕೆಲವೇ ವಯಸ್ಕರಿಗೆ ಒಂದು ವರ್ಷ ಕೊಟ್ಟು ನೋಡಿದರು. ಕೂದಲು, ಚರ್ಮ ತುಸು ಬಣ್ಣ ಪಡೆದವು, ನೋಟ ಸುಧಾರಿಸಲಿಲ್ಲ. ಬಣ್ಣ ಬರಿಸುವುದಾಗಿ ಲೇಹ್ಯ, ಭಸ್ಮ ಮಾರುವವರಿಗೆ ಕೊಡುವ ಹಣವನ್ನು ಕಣ್ಣಿನ ತಪಾಸಣೆಗೆ, ಟೋಪಿಗೆ, ಪುಸ್ತಕಕ್ಕೆ ಹಾಕುವುದು ಮೇಲು.

ಆಲ್ಬಿನಿಸಂ ಇರುವ ಇಬ್ಬರು ಪರಸ್ಪರ ಮದುವೆಯಾದರೆ ಮಕ್ಕಳೆಲ್ಲ ಹಾಗೇ ಹುಟ್ಟುತ್ತಾರೆಂದು ಬಹುಕಾಲ ನಂಬಿದ್ದರು. 1952ರಲ್ಲಿ ಇಂಗ್ಲೆಂಡಿನ ನೇತ್ರವೈದ್ಯ ಟ್ರೆವರ್-ರೋಪರ್, ಅಂಥ ದಂಪತಿಗೆ ಮಾಮೂಲಿ ಬಣ್ಣದ ಮಕ್ಕಳು ಹುಟ್ಟಿದ್ದನ್ನು ವರದಿ ಮಾಡಿದ. ತಾಯಿಗೆ ಒಂದು ಜೀನಿನಿಂದ, ತಂದೆಗೆ ಇನ್ನೊಂದರಿಂದ ಆಲ್ಬಿನಿಸಂ ಬಂದಿದ್ದರೆ ಮಗುವಿಗೆ ಎರಡರಲ್ಲೂ ಒಂದೊಂದು ಸರಿಯಾದ ಪ್ರತಿ ಸಿಗುತ್ತದೆ. ಇಬ್ಬರದೂ ಒಂದೇ ಜೀನಾದರೆ ಮಕ್ಕಳೆಲ್ಲರಿಗೂ ಬರುತ್ತದೆ. ಯಾವುದೆಂದು ರಕ್ತದ ಜೀನ್ ಪರೀಕ್ಷೆ ಹೇಳುತ್ತದೆ. ಬೆಂಗಳೂರಿನಲ್ಲಿ ಈ ಪರೀಕ್ಷೆಗೂ ಸಲಹೆಗೂ ಸೌಕರ್ಯವಿದೆ, ಎಚ್. ಶರತ್ ಚಂದ್ರ ಅವರು ಕಟ್ಟಿದ ಎಲೆಕ್ಟ್ರಾನಿಕ್ ಸಿಟಿಯ ಮಾನವ ತಳಿವಿಜ್ಞಾನ ಕೇಂದ್ರ ಅದಕ್ಕೆಂದೇ ಇದೆ. ಹುಟ್ಟುವ ಮೊದಲೇ ಪತ್ತೆ ಹಚ್ಚುವುದೂ ಸಾಧ್ಯ. ಆ ಹಂತದಲ್ಲಿ ಸಲಹೆ ಕೊಡುವವರು ಶಾಲೆ, ಕೆಲಸ, ಸಂಸಾರ ಎಲ್ಲ ನಡೆಸಿಕೊಂಡು ಹೋಗುವ ಆಲ್ಬಿನಿಸಂನವರ ಬದುಕಿನ ಬಗ್ಗೆಯೂ ಬಿಡಿಸಿ ಹೇಳಬೇಕು. ಜೀನಿನ ವರದಿಯೊಂದನ್ನೇ ಕೈಗೆ ಕೊಟ್ಟು ಕಳಿಸಿದರೆ ಸಲಹೆ ಅರ್ಧವಾಗುತ್ತದೆ.

ಕಾನೂನಿನ ಪುಟಗಳಲ್ಲಿ ಆಲ್ಬಿನಿಸಂಗೆ ಸ್ವಂತ ಜಾಗವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ, ಆಲ್ಬಿನಿಸಂ ಅದರಲ್ಲಿಲ್ಲ. ಮಂದದೃಷ್ಟಿ ಇದೆ. ಆ ಬಾಗಿಲಿನಿಂದ ಒಳಹೊಕ್ಕವರಿಗೆ, ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉನ್ನತ ಶಿಕ್ಷಣದಲ್ಲಿ ಶೇ. 5 ಮತ್ತು ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಾತಿಯ ಸಾಲಿನಲ್ಲಿ ಜಾಗ ಸಿಗುತ್ತದೆ. 2018ರ ಕೇಂದ್ರದ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯವೂ ಸಿಗಬೇಕು. ತೊಡಕು ಇರುವುದು ಅಳತೆಯಲ್ಲಿ. ವೈದ್ಯಕೀಯ ಮಂಡಳಿ ನೋಡುವುದು ಚಾರ್ಟಿನ ಅಕ್ಷರ ಮತ್ತು ನೋಟದ ವಿಸ್ತಾರವನ್ನು, ಅದೂ ನೆರಳಿನ ಕೋಣೆಯಲ್ಲಿ. ಅದೇ ವ್ಯಕ್ತಿ ಶಿವಾಜಿನಗರ ಬಸ್ ನಿಲ್ದಾಣದ ಬಿಸಿಲಿನಲ್ಲಿ ಬರುವ ಬಸ್ಸಿನ ನಂಬರು ಓದಲಾಗದೆ ನಿಂತಿರುವುದು ಯಾವ ಕಾಲಂನಲ್ಲೂ ದಾಖಲಾಗುವುದಿಲ್ಲ. ಬೆಳಕಿಗೆ ಕಣ್ಣು ಕುಕ್ಕುವುದು, ಕಣ್ಣಿನ ಓಲಾಟ, ಚರ್ಮದ ಅಪಾಯ, ಮೂರನ್ನೂ ಕೂಡಿಸಿ ತೂಗುವ ಕ್ರಮ ಬಾರದೆ ಈ ಪ್ರಮಾಣಪತ್ರ ನ್ಯಾಯವಾಗದು.

ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಜೂನ್ 13ನ್ನು ಆಲ್ಬಿನಿಸಂ ಜಾಗೃತಿಯ ದಿನವೆಂದು ಘೋಷಿಸಿತು. ಆಫ್ರಿಕಾದ ಕೆಲವು ದೇಶಗಳಲ್ಲಿ ಮಾಟಮಂತ್ರದ ಮೂಢನಂಬಿಕೆಗೆ ಇವರ ಮೇಲೆ ನಡೆದ ಕೊಲೆ, ಹಲ್ಲೆಗಳು ಅದರ ಹಿನ್ನೆಲೆ. ನಮ್ಮಲ್ಲಿ ಹಿಂಸೆಯ ರೂಪ ಬೇರೆ. ಮದುವೆಯ ಮಾತು ಮುರಿಯುವುದು, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುವುದು, ಅನುಮತಿ ಕೇಳದೆ ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಕೆಲಸದ ಸಂದರ್ಶನದಲ್ಲಿ ಗ್ರಾಹಕರ ಎದುರು ಕೂರಿಸಲಾಗದು ಎನ್ನುವುದು. ಬೆಳ್ಳಗಾಗಲು ಕ್ರೀಮು ಕೊಳ್ಳುವ ಸಮಾಜವೇ ಹುಟ್ಟಿನಿಂದ ಬೆಳ್ಳಗಿರುವ ಮಗುವನ್ನು ದೂರ ಇಡುತ್ತದೆ. ಇದನ್ನು ಮಕ್ಕಳೆದುರು ಸಮರ್ಥಿಸಲು ಯಾರಿಂದಲೂ ಆಗುವುದಿಲ್ಲ.

ಹೆತ್ತವರಿಗೆ ಹೇಳಬೇಕಾದ್ದು ಇಷ್ಟು. ಮಗುವಿನ ಕೂದಲು, ರೆಪ್ಪೆ ಬೆಳ್ಳಗಿದ್ದರೆ, ಅಥವಾ ಬಣ್ಣ ಮಾಮೂಲಿದ್ದೂ ಮೂರು ತಿಂಗಳಲ್ಲಿ ಕಣ್ಣು ಓಲಾಡತೊಡಗಿದರೆ, ಚರ್ಮದ ಡಾಕ್ಟರಿಗಿಂತ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ ಪೂರ್ವ ಬೆಂಗಳೂರಿನವರಿಗೆ ಹತ್ತಿರ. ಕಣ್ಣಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ ಮಿಂಟೋ. ಆರು ವರ್ಷಕ್ಕೆ ಶಾಲೆಗೆ ಸೇರಿಸುವ ಮೊದಲೇ ಅಂಗವೈಕಲ್ಯದ ಗುರುತಿನ ಚೀಟಿಗೆ ಅರ್ಜಿ ಹಾಕಿ, ಸೇರಿಸುವ ದಿನವೇ ತರಗತಿ ಟೀಚರಿಗೆ ಮುಂದಿನ ಬೆಂಚು ಕೇಳಿ. ಮನೆಯಲ್ಲಿ ಮುಂದಿನ ಮದುವೆಯ ಮಾತು ಬಂದಾಗ ಹೊರಗಿನ ಸಂಬಂಧ ಹುಡುಕಿ.